ದೀಪಕ್ಕೊಂದು ವೇಗ, ಅಕ್ಷರಕ್ಕೊಂದು ವೇಗ



ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಅಂಗಡಿ, ಗಿರಾಕಿ, ಉದ್ರಿ, ವಸೂಲಿ ಇಂಥ ವಿಷಯಗಳನ್ನೇ ಬರೆಯುತ್ತ ಬಂದವನು. ಈ ಸಲ ಕಂಪ್ಯೂಟರಿನ ವಿಷಯ ಬರೆಯುತ್ತೇನೆಂದಾಗ ನಮ್ಮ ಮನೆಯವರಿಗೇ ನಗು ಬಂತು. ಮೆಟ್ರಿಕ್ ಓದಿದ ಬಟ್ಟೆ ವ್ಯಾಪಾರಿಗೆ ಅದರಲ್ಲೇನು ತಿಳಿಯುತ್ತದೆ ಎಂದು ತಾವೂ ಕೇಳಬಹುದು. ಆದರೆ ವಿಷಯ ಕೊನೆಗೆ ಬಂದು ನಿಂತದ್ದು ಲೆಕ್ಕದಲ್ಲೇ; ಅದೂ ನಾವೆಲ್ಲ ಶಾಲೆಯಲ್ಲಿ ಕಲಿತು ಮರೆತುಬಿಟ್ಟ ಲೆಕ್ಕದಲ್ಲಿ. ಹಬ್ಬ ಬಂತೆಂದರೆ ಈಗ ನಮ್ಮ ಪ್ರತಿಯೊಂದು ಅಂಗಡಿಯಿಂದಲೂ ಗಿರಾಕಿಗಳ ಮೊಬೈಲಿಗೆ ಉರಿಯುವ ದೀಪ, ಮಿನುಗುವ ಅಕ್ಷರಗಳ ಚಿತ್ರಗಳು ಹೋಗುತ್ತವೆ. ನಮಗಾದ ಅನುಭವ ನಾಲ್ಕು ಮಂದಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅಕ್ಕಲಕೋಟೆಯಲ್ಲಿ ನಮ್ಮ ಅಂಗಡಿಯನ್ನು ಹಳೆ ಪೇಠೆಯ ಓಣಿಯಿಂದ ಬಸ್ ಸ್ಟ್ಯಾಂಡ್ ಕಡೆಯ ರಸ್ತೆಗೆ ಬದಲಾಯಿಸಿದೆವು. ನಮ್ಮ ತಂದೆಯವರು ಹಾಕಿದ ಅಂಗಡಿ ಅದು. ಸುತ್ತಲಿನ ಹಳ್ಳಿಗಳ ಗಿರಾಕಿಗಳು ಕಣ್ಣು ಮುಚ್ಚಿಕೊಂಡು ಬಂದರೂ ಆ ಓಣಿಗೇ ಬರುತ್ತಿದ್ದರು. ಹೀಗಾಗಿ ಹೊಸ ವಿಳಾಸ ಎಲ್ಲರಿಗೂ ತಿಳಿಸುವುದು ಅಗತ್ಯವಾಗಿತ್ತು. ಸೊಲ್ಲಾಪುರದ ಕಾಲೇಜಿನಲ್ಲಿ ಓದುವ ನಮ್ಮ ಮೊಮ್ಮಗಳು, "ಅಜ್ಜಾ, ಕಾರ್ಡು ಛಾಪಿಸೂದು ಬ್ಯಾಡ್ರಿ. ದೀಪಾವಳಿ ಶುಭಾಶಯ, ಹೊಸ ವಿಳಾಸ ಎರಡೂ ಸೇರಿಸಿ ನಾನ ಒಂದು ಚಿತ್ರ ಮಾಡಿಕೊಡ್ತೀನಿ" ಎಂದಳು.

ಮಾಡಿಯೂ ಕೊಟ್ಟಳು. ಮೇಲೆ ಆಕಾಶಬುಟ್ಟಿ ತೂಗಾಡುತ್ತಿತ್ತು. ಕೆಳಗೆ ಹಣತೆ ಉರಿಯುತ್ತಿತ್ತು. ನಡುವೆ ಅಕ್ಷರಗಳು ಎರಡು ಸರದಿಯಲ್ಲಿ ಬರುತ್ತಿದ್ದವು: ಒಮ್ಮೆ ಕನ್ನಡದಲ್ಲಿ ಶುಭಾಶಯ ಮತ್ತು ವಿಳಾಸ, ಮರುಸಲ ಅದೇ ಮರಾಠಿಯಲ್ಲಿ. ನಮ್ಮ ಗಿರಾಕಿಗಳಲ್ಲಿ ಎರಡೂ ಭಾಷೆಯವರು ಇದ್ದಾರೆ, ಯಾರನ್ನೂ ಬಿಡುವಂತಿಲ್ಲ. ನೋಡಲು ಬಹಳ ಚೆನ್ನಾಗಿತ್ತು. ನಾನು ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿದೆ, "ಭೇಷ್" ಎಂದೆ, ಎಲ್ಲರಿಗೂ ಕಳಿಸಿಬಿಟ್ಟೆವು. ಅದರಲ್ಲಿ ಏನು ಬರೆದಿದೆಯೆಂಬುದು ನನಗೆ ಮೊದಲೇ ಗೊತ್ತಿತ್ತು. ಆದ್ದರಿಂದ ನಾನು ಓದಲೇ ಇಲ್ಲ, ಬರೇ ನೋಡಿದೆ. ತಪ್ಪಾದದ್ದು ಅಲ್ಲಿಯೇ.

ತುಳಸಿ ಲಗ್ನ ಮುಗಿದ ವಾರದಲ್ಲಿ, ಮೂವತ್ತು ವರ್ಷಗಳಿಂದ ನಮ್ಮಲ್ಲೇ ಬಟ್ಟೆ ಒಯ್ಯುವ ಒಬ್ಬ ರೈತರು ಹೆಂಡತಿ ಮಗಳನ್ನು ಕರೆದುಕೊಂಡು ಮಗಳ ಮದುವೆಯ ಜವಳಿಗೆಂದು ಊರಿಗೆ ಬಂದರು. ನೇರವಾಗಿ ಹಳೆ ಓಣಿಗೆ ಹೋದರು. ಶಟರ್ ಇಳಿಸಿತ್ತು. ಒಂದು ತಾಸು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದು, ಅಂಗಡಿ ಮುಚ್ಚಿಯೇ ಹೋಯಿತೆಂದು ತಿಳಿದು, ಬೇರೆ ಕಡೆ ಜವಳಿ ಕೊಂಡು ಊರಿಗೆ ಮರಳಿದರು. ತಿಂಗಳು ಕಳೆದ ಮೇಲೆ ಲಗ್ನಪತ್ರಿಕೆ ಕೊಡಲು ಹುಡುಕಿಕೊಂಡು ಬಂದಾಗಲೇ ನನಗೆ ವಿಷಯ ತಿಳಿದದ್ದು. "ಚಿತ್ರ ಕಳಿಸಿದ್ದೆವಲ್ಲ, ಅದರಲ್ಲಿ ವಿಳಾಸ ಇತ್ತಲ್ಲ" ಎಂದೆ. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು: "ಸಾವಕಾರ್ರ, ದೀಪ ಛಲೋ ಉರೀತಿತ್ತು. ಅಕ್ಷರ ಮಾತ್ರ ಓದೂದ್ರೊಳಗ ಓಡಿ ಹೋದ್ವು."

ಒಂದು ಮದುವೆಯ ಜವಳಿಯ ವ್ಯಾಪಾರ ಹೋಯಿತೆಂದು ನನಗೆ ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚಾಗಿ, ಅವರು ಮುಚ್ಚಿದ ಬಾಗಿಲ ಮುಂದೆ ಒಂದು ತಾಸು ಕೂತದ್ದು ಮನಸ್ಸಿಗೆ ಹತ್ತಿತು. ಆ ರಾತ್ರಿ ಮೊಮ್ಮಗಳಿಗೆ ಫೋನ್ ಮಾಡಿ, "ಅಕ್ಷರ ಯಾಕ ಓಡಿದ್ವು?" ಎಂದು ಕೇಳಿದೆ. ಅವಳು ಕೊಟ್ಟ ಉತ್ತರದಿಂದಲೇ ಈ ಲೇಖನ ಹುಟ್ಟಿದ್ದು.

ಒಂದು ಕಟ್ಟು ಹಾಳೆ, ಒಂದೇ ಗಡಿಯಾರ

ಇಂಥ ಚಲಿಸುವ ಚಿತ್ರಕ್ಕೆ ಜಿಫ್ ಎಂದು ಹೆಸರು. ಕೆಲವರು ಗಿಫ್ ಎನ್ನುತ್ತಾರೆ. ಅದನ್ನು ಸಿದ್ಧಪಡಿಸಿದ ಸ್ಟೀವ್ ವಿಲ್ಹೈಟ್ ಅವರು ಮಾತ್ರ ಜಿಫ್ ಎಂದೇ ಅನ್ನಬೇಕೆಂದು ಹೇಳುತ್ತಿದ್ದರು. 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಎಂಬ ಕಂಪನಿಯಲ್ಲಿ ಅವರ ನೇತೃತ್ವದಲ್ಲಿ ಇದು ತಯಾರಾಯಿತು. ಆಗಿನ ಟೆಲಿಫೋನ್ ತಂತಿಯ ಮೇಲೆ ಬಣ್ಣದ ಚಿತ್ರಗಳನ್ನು ಬೇಗ ಕಳಿಸುವುದು ಅದರ ಉದ್ದೇಶ. 1989ರ ತಿದ್ದುಪಡಿಯಲ್ಲಿ, ಒಂದೊಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕೆಂದು ಬರೆದಿಡುವ ಸೌಕರ್ಯ ಬಂತು. 1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್, ಕೊನೆಯ ಚಿತ್ರ ಮುಗಿದ ಮೇಲೆ ಮತ್ತೆ ಮೊದಲಿನಿಂದ ಸುತ್ತುವ ವ್ಯವಸ್ಥೆ ಮಾಡಿತು. ವಿಲ್ಹೈಟ್ ಅವರು 2022ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ಮಾತ್ರ ಇನ್ನೂ ಸುತ್ತುತ್ತಲೇ ಇವೆ.

ಒಳಗಿನ ರಚನೆ ಬಹಳ ಸರಳ. ಚಿಕ್ಕವರಿದ್ದಾಗ ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದು ಗೊಂಬೆ ಬರೆದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಗೊಂಬೆ ಕುಣಿಯುತ್ತಿತ್ತಲ್ಲ, ಅದೇ ಇದು. ಜಿಫ್ ಎಂದರೆ ಒಂದು ಕಟ್ಟು ಹಾಳೆ. ಅವರು ಫ್ರೇಮ್ ಎನ್ನುತ್ತಾರೆ, ನಾನು ಹಾಳೆ ಎನ್ನುತ್ತೇನೆ. ಪ್ರತಿ ಹಾಳೆಯ ಜೊತೆಗೆ ಅದು ಎಷ್ಟು ಹೊತ್ತು ನಿಲ್ಲಬೇಕೆಂಬ ಅಂಕಿ ಇರುತ್ತದೆ. ಆ ಅಂಕಿ ಸೆಕೆಂಡಿನ ನೂರನೆಯ ಭಾಗಗಳಲ್ಲಿ. ನಮಗೆ ಇದು ಸುಲಭ: ಸೆಕೆಂಡನ್ನು ರೂಪಾಯಿ ಎಂದುಕೊಳ್ಳಿ, ಅದರ ನೂರನೆಯ ಭಾಗವನ್ನು ಪೈಸೆ ಎಂದುಕೊಳ್ಳಿ. 10 ಪೈಸೆ ಎಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಈ ಲೇಖನದಲ್ಲಿ ಮುಂದೆಲ್ಲ ಇದೇ ನಾಣ್ಯದಲ್ಲಿ ಲೆಕ್ಕ ಮಾಡೋಣ.

ಮುಖ್ಯವಾಗಿ ನೆನಪಿಡಬೇಕಾದದ್ದು ಒಂದೇ. ಕಟ್ಟಿನಲ್ಲಿ ಹಾಳೆಗಳು ಒಂದರ ಹಿಂದೆ ಒಂದು ಬರುತ್ತವೆ, ಗಡಿಯಾರ ಒಂದೇ ಇರುತ್ತದೆ. ದೀಪಕ್ಕೆ ಬೇರೆ ಗಡಿಯಾರ, ಬುಟ್ಟಿಗೆ ಬೇರೆ ಗಡಿಯಾರ, ಅಕ್ಷರಕ್ಕೆ ಬೇರೆ ಗಡಿಯಾರ ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಇಂಟರ್‌ನೆಟ್ ಪುಟದ ಮೇಲೆ ಎರಡು ಬೇರೆ ಬೇರೆ ಜಿಫ್ ಅಕ್ಕಪಕ್ಕ ಇಟ್ಟರೆ ಎರಡೂ ತಮ್ಮ ತಮ್ಮ ವೇಗದಲ್ಲಿ ಓಡುತ್ತವೆ. ಎರಡನ್ನೂ ಒಂದೇ ಚಿತ್ರದಲ್ಲಿ ಸೇರಿಸಿ ಗಿರಾಕಿಗೆ ಕಳಿಸಬೇಕೆಂದರೆ, ಎರಡರ ಚಲನೆಯನ್ನೂ ಒಂದೇ ಹಾಳೆಗಳ ಸಾಲಿನಲ್ಲಿ ಬರೆಯಬೇಕಾಗುತ್ತದೆ.

ಮೊಮ್ಮಗಳು ಮೊದಲ ವರ್ಷ ಮಾಡಿದ್ದು ಆರು ಹಾಳೆಗಳ ಚಿತ್ರ. ಬಳಸಿದ ತಂತ್ರಾಂಶದಲ್ಲಿ 'ಎಲ್ಲ ಹಾಳೆಗೂ ಇದೇ ಅವಧಿ' ಎಂದು ಗುರುತು ಹಾಕುವ ಒಂದು ಚೌಕ ಇರುತ್ತದೆಯಂತೆ. ಅಲ್ಲಿ 10 ಪೈಸೆ ಇತ್ತು. ದೀಪದ ಕುಡಿಗೆ ಮೂರು ರೂಪ, ಹೀಗಾಗಿ ಆರು ಹಾಳೆಗಳಲ್ಲಿ ಕುಡಿ ಎರಡು ಸುತ್ತು ಬಂತು, ಅದು ಸರಿ. ಅಕ್ಷರ ಮೂರು ಹಾಳೆ ಕನ್ನಡ, ಮೂರು ಹಾಳೆ ಮರಾಠಿ. ಅಂದರೆ ನಮ್ಮ ಹೊಸ ವಿಳಾಸ ಗಿರಾಕಿಯ ಕಣ್ಣೆದುರಿಗೆ ನಿಂತದ್ದು 30 ಪೈಸೆ, ಸೆಕೆಂಡಿನ ಮೂರನೆಯ ಒಂದು ಭಾಗವೂ ಅಲ್ಲ! ಇನ್ನು ಆಕಾಶಬುಟ್ಟಿಗೆ ನಾಲ್ಕು ರೂಪ: ಎಡ, ನಡು, ಬಲ, ಮತ್ತೆ ನಡು. ಆರು ಹಾಳೆಗಳಲ್ಲಿ ಒಂದೂವರೆ ಸುತ್ತಾಯಿತು. ಕಟ್ಟು ಮುಗಿದು ಮತ್ತೆ ಮೊದಲ ಹಾಳೆ ಬಂದಾಗ ಬುಟ್ಟಿ ನಡುವಿನಿಂದ ಬಲಕ್ಕೆ ಹೋಗುವ ಬದಲು ತಟ್ಟನೆ ಎಡಕ್ಕೆ ಎಗರುತ್ತಿತ್ತು. ಅದನ್ನು ನಾವು ಗಾಳಿಗೆ ಹಾರಿದ್ದೆಂದು ತಿಳಿದಿದ್ದೆವು.

ಖಾತೆಗಳಿಂದ ಕೀರ್ದಿ

ಈ ವರ್ಷ ಅವಳು ರಜೆಗೆ ಬಂದಾಗ ಹಬ್ಬದ ಚಿತ್ರದ ಕೆಲಸಕ್ಕೆ ಇಬ್ಬರೂ ಕೂಡಿ ಕೂತೆವು. ಅವಳು ಮೊದಲು ದೀಪ, ಬುಟ್ಟಿ, ಅಕ್ಷರ ಮೂರನ್ನೂ ಬೇರೆ ಬೇರೆ ಚಿತ್ರವಾಗಿ ಮಾಡಿ, ಒಂದೊಂದಕ್ಕೂ ಕಣ್ಣಿಗೆ ಒಪ್ಪುವ ವೇಗ ಇಟ್ಟಳು. ಕುಡಿಯ ಒಂದೊಂದು ರೂಪ 7 ಪೈಸೆ, ಬುಟ್ಟಿಯ ಒಂದೊಂದು ರೂಪ 15 ಪೈಸೆ, ಅಕ್ಷರದ ಒಂದೊಂದು ಸರದಿ 250 ಪೈಸೆ, ಅಂದರೆ ಎರಡೂವರೆ ಸೆಕೆಂಡ್. ಬೇರೆ ಬೇರೆಯಾಗಿ ಮೂರೂ ಸುಂದರವಾಗಿದ್ದವು. ಕೂಡಿಸಲು ಹೋದರೆ ಆಗಲಿಲ್ಲ. "ಅಜ್ಜಾ, ಎಲ್ಲಿಗಿ ತಂದು ನಿಲ್ಲಸಬೇಕು ಅನ್ನೂದ ತಿಳೀವಲ್ದು. ಎಲ್ಲಿ ಕಡಿದ್ರೂ ಒಂದಿಲ್ಲೊಂದು ಎಗರತದ" ಎಂದಳು.

ನಾನು ನಮ್ಮ ಹಳೆಯ ವಹಿಗಳನ್ನು ನೆನಪು ಮಾಡಿದೆ. ಖಾತೆಯ ವಹಿಯಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ಒಬ್ಬ ದಿನಾ ಬರುತ್ತಾನೆ, ಒಬ್ಬ ಸಂತೆಗೊಮ್ಮೆ, ಒಬ್ಬ ಸುಗ್ಗಿಗೊಮ್ಮೆ. ಆದರೆ ಕೀರ್ದಿ ಮಾತ್ರ ಒಂದೇ. ಅದರಲ್ಲಿ ತಾರೀಖಿನ ಪ್ರಕಾರ ಎಲ್ಲರ ವ್ಯವಹಾರವೂ ಒಂದರ ಕೆಳಗೆ ಒಂದು ಬರುತ್ತದೆ. ದೀಪ, ಬುಟ್ಟಿ, ಅಕ್ಷರ ಇವು ಮೂರು ಖಾತೆಗಳು. ಜಿಫ್ ಎಂಬುದು ಕೀರ್ದಿ. ನಾವು ಮಾಡಬೇಕಾದದ್ದು ಮೂರು ಖಾತೆಗಳನ್ನು ನೋಡುತ್ತ ಒಂದು ಕೀರ್ದಿ ಬರೆಯುವುದು. ಮೂರೂ ಖಾತೆ ಒಂದೇ ದಿನ ಚುಕ್ತಾ ಆಗುವಲ್ಲಿ ಕೀರ್ದಿ ಮುಗಿಸಬೇಕು. ಆಗ ಮತ್ತೆ ಮೊದಲಿನಿಂದ ಶುರು ಮಾಡಿದರೆ ಯಾವುದೂ ಎಗರುವುದಿಲ್ಲ.

ಆ ದಿನ ಯಾವುದು? ಶಾಲೆಯ ಲೆಕ್ಕ ನೆನಪು ಮಾಡಿಕೊಳ್ಳಿ. ಒಬ್ಬ ಏಜೆಂಟ್ 6 ದಿನಕ್ಕೊಮ್ಮೆ ಅಂಗಡಿಗೆ ಬರುತ್ತಾನೆ, ಇನ್ನೊಬ್ಬ 8 ದಿನಕ್ಕೊಮ್ಮೆ. ಇಂದು ಇಬ್ಬರೂ ಬಂದಿದ್ದಾರೆ. ಮತ್ತೆ ಇಬ್ಬರೂ ಕೂಡುವುದು ಯಾವಾಗ? 24 ದಿನಕ್ಕೆ. ಇದೇ ಲ.ಸಾ.ಅ., ಲಘುತಮ ಸಾಮಾನ್ಯ ಅಪವರ್ತ್ಯ. ಮರಾಠಿ ಶಾಲೆಯಲ್ಲಿ ಓದಿದವರು ಲ.ಸಾ.ವಿ. ಎನ್ನುತ್ತಾರೆ. ನಮ್ಮ ಗಣಿತದ ಮಾಸ್ತರರು ಇದಕ್ಕಾಗಿ ಕೈ ಮೇಲೆ ಕೊಟ್ಟ ಏಟು ಐವತ್ತು ವರ್ಷದ ನಂತರ ಕೆಲಸಕ್ಕೆ ಬಂತು.

ಮೊಮ್ಮಗಳ ಅಂಕಿಗಳನ್ನು ತೆಗೆದುಕೊಂಡೆ. ಕುಡಿ ಮೂರು ರೂಪ, 7 ಪೈಸೆಯಂತೆ ಒಂದು ಸುತ್ತಿಗೆ 21. ಬುಟ್ಟಿ ನಾಲ್ಕು ರೂಪ, 15ರಂತೆ 60. ಅಕ್ಷರ ಎರಡು ಸರದಿ, 250ರಂತೆ 500. 21, 60, 500 ಇವುಗಳ ಲ.ಸಾ.ಅ. 10,500 ಪೈಸೆ. ಅಂದರೆ 105 ಸೆಕೆಂಡ್, ಪೂರಾ ಒಂದೂ ಮುಕ್ಕಾಲು ನಿಮಿಷ! ಅಷ್ಟು ಹೊತ್ತಿನ ತನಕ ಮೂರೂ ಒಟ್ಟಿಗೆ ಮೊದಲಿಗೆ ಬರುವುದೇ ಇಲ್ಲ. ಪೈಸೆಗೊಂದು ಹಾಳೆ ಇಟ್ಟರೆ 10,500 ಹಾಳೆ ಬೇಕು. ಅಷ್ಟು ಬೇಡ, ಏನಾದರೂ ಬದಲಾದಾಗ ಮಾತ್ರ ಹೊಸ ಹಾಳೆ ಇಡೋಣ ಎಂದರೂ 2,124 ಹಾಳೆ ಆಗುತ್ತವೆ. ಒಂದು ಶುಭಾಶಯದ ಚಿತ್ರಕ್ಕೆ ಎರಡು ಸಾವಿರ ಹಾಳೆ! ಯಾರ ಮೊಬೈಲೂ ಅದನ್ನು ಸುಖವಾಗಿ ತೆರೆಯಲಾರದು.

ವ್ಯಾಪಾರಿಯ ಉಪಾಯವೇ ಇಲ್ಲಿ ಬೇಕಾದದ್ದು: ಚಿಲ್ಲರೆಯನ್ನು ಸರಿಸಮ ಮಾಡಿಬಿಡಬೇಕು. 7 ಪೈಸೆಯ ಕುಡಿಯನ್ನು 10 ಮಾಡಿದೆವು. ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ದೀಪ ಇನ್ನಷ್ಟು ಶಾಂತವಾಯಿತೆಂದು ಅವಳೇ ಹೇಳಿದಳು. ಬುಟ್ಟಿಯನ್ನು 15ರಿಂದ 20 ಮಾಡಿದೆವು. ಅಕ್ಷರವನ್ನು 250ರಿಂದ 240ಕ್ಕೆ ತಂದೆವು. ಈಗ ಸುತ್ತುಗಳು 30, 80 ಮತ್ತು 480. ಇವುಗಳ ಲ.ಸಾ.ಅ. 480. ಅಂದರೆ 4.8 ಸೆಕೆಂಡಿನಲ್ಲಿ ಕುಡಿ 16 ಸುತ್ತು, ಬುಟ್ಟಿ 6 ಸುತ್ತು, ಅಕ್ಷರ 1 ಸುತ್ತು, ಎಲ್ಲವೂ ಚುಕ್ತಾ. ಹಾಳೆಗಳು 48 ಮಾತ್ರ.

ಒಂದು ಹಾಳೆ ಎಷ್ಟು ಹೊತ್ತಿನದಿರಬೇಕು ಎಂಬುದಕ್ಕೆ ಮ.ಸಾ.ಅ. ಬೇಕು, ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. 10, 20, 240 ಈ ಮೂರನ್ನೂ ನಿಶ್ಶೇಷವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ 10. ಹೀಗೆ ಎಲ್ಲ ಹಾಳೆಯೂ 10 ಪೈಸೆಯದು. ನಿಧಾನದ ವಸ್ತುವನ್ನು ಅದೇ ರೂಪದಲ್ಲಿ ಹೆಚ್ಚು ಹಾಳೆಗಳ ಮೇಲೆ ನಿಲ್ಲಿಸಿದರಾಯಿತು. ಒಂದು ಖಾಲಿ ಹಾಳೆಯ ಮೇಲೆ ನಾನು ಕೀರ್ದಿ ಬರೆದುಕೊಟ್ಟೆ. ಒಂದನೆಯ ಹಾಳೆ: ಕುಡಿ 1, ಬುಟ್ಟಿ 1, ಕನ್ನಡ. ಎರಡನೆಯದು: ಕುಡಿ 2, ಬುಟ್ಟಿ 1, ಕನ್ನಡ. ಮೂರನೆಯದು: ಕುಡಿ 3, ಬುಟ್ಟಿ 2, ಕನ್ನಡ. ನಾಲ್ಕನೆಯದು: ಕುಡಿ 1, ಬುಟ್ಟಿ 2, ಕನ್ನಡ. ಹೀಗೆ ಹೋಗುತ್ತ 25ನೆಯ ಹಾಳೆಯಲ್ಲಿ ಕುಡಿ 1, ಬುಟ್ಟಿ 1, ಅಕ್ಷರ ಮಾತ್ರ ಮರಾಠಿ. 48 ಮುಗಿದರೆ ಮತ್ತೆ ಒಂದು.

ಬುಟ್ಟಿ ನಿಧಾನವಾಯಿತು, 15 ಪೈಸೆಯದೇ ಇರಲಿ ಎಂದು ಅವಳು ಹಟ ಮಾಡಿದಳು. ಅದಕ್ಕೂ ದಾರಿ ಇದೆ. ಕುಡಿ 10, ಬುಟ್ಟಿ 15 ಎಂದರೆ ಸುತ್ತುಗಳು 30 ಮತ್ತು 60. 60 ಪೈಸೆಗೆ ಎರಡೂ ಕೂಡುತ್ತವೆ. ಆ 60ರಲ್ಲಿ ಬದಲಾವಣೆ ಆಗುವುದು 0, 10, 15, 20, 30, 40, 45, 50 ಈ ಹೊತ್ತಿಗೆ. ಅಂದರೆ ಎಂಟು ಹಾಳೆ. ಅವುಗಳ ಅವಧಿ ಕ್ರಮವಾಗಿ 10, 5, 5, 10, 10, 5, 5, 10. ಹಾಳೆಗಳ ಅವಧಿ ಎಲ್ಲ ಒಂದೇ ಇರಬೇಕೆಂಬ ನಿಯಮವಿಲ್ಲ. ಅಕ್ಷರದ 480 ಪೈಸೆಗೆ ಈ ಎಂಟರ ಕಟ್ಟು ಎಂಟು ಸಲ, ಒಟ್ಟು 64 ಹಾಳೆ. 48ಕ್ಕೂ 64ಕ್ಕೂ ದೊಡ್ಡ ಅಂತರವಿಲ್ಲ. ಅವಳ ಬುಟ್ಟಿ ಅವಳ ವೇಗದಲ್ಲೇ ತೂಗಲೆಂದು ನಾನು ಬಿಟ್ಟುಕೊಟ್ಟೆ.

ಸಿನಿಮಾದವರ ಹಳೆಯ ದಾರಿ

ಇದು ಕಂಪ್ಯೂಟರಿನ ಜೊತೆಗೆ ಹುಟ್ಟಿದ ಸಮಸ್ಯೆಯಲ್ಲ. ಕಾರ್ಟೂನ್ ಸಿನಿಮಾ ಮಾಡುವವರು ನೂರು ವರ್ಷಗಳ ಹಿಂದೆಯೇ ಇದನ್ನು ಎದುರಿಸಿದ್ದರು. 1914ರಲ್ಲಿ ಅಮೆರಿಕದ ವಿನ್ಸರ್ ಮೆಕೇ ಅವರು ಗರ್ಟಿ ಎಂಬ ಡೈನೊಸಾರ್ ಪ್ರಾಣಿಯ ಚಿತ್ರ ತೆಗೆದಾಗ, ಅಲುಗಾಡದ ಗುಡ್ಡ ಬಂಡೆಗಳನ್ನೂ ಸಾವಿರಾರು ಹಾಳೆಗಳ ಮೇಲೆ ಪ್ರತಿಸಲ ಹೊಸದಾಗಿ ಬರೆಯಬೇಕಾಯಿತು. ಅದೇ ವರ್ಷ ಅರ್ಲ್ ಹರ್ಡ್ ಎಂಬುವರು, ಚಲಿಸುವ ಭಾಗವನ್ನು ಸೆಲ್ಯುಲಾಯ್ಡಿನ ಪಾರದರ್ಶಕ ಹಾಳೆಯ ಮೇಲೆ ಬರೆದು, ಚಲಿಸದ ಹಿನ್ನೆಲೆಯ ಮೇಲೆ ಇಟ್ಟು ಫೋಟೋ ತೆಗೆಯುವ ಪದ್ಧತಿಗೆ ಪೇಟೆಂಟ್ ಅರ್ಜಿ ಹಾಕಿದರು. ಒಂದರ ಮೇಲೊಂದು ಹಾಳೆ ಇಟ್ಟರೆ ಒಂದೊಂದಕ್ಕೂ ಬೇರೆ ವೇಗ ಕೊಡಬಹುದು. ಆದರೆ ಕ್ಯಾಮೆರಾ ಒಂದೇ, ಫಿಲ್ಮಿನ ಸುರುಳಿ ಒಂದೇ. ಆದ್ದರಿಂದ ಅವರೂ ಒಂದು ಕೀರ್ದಿ ಇಟ್ಟರು. ಅಡ್ಡ ಸಾಲು ಒಂದೊಂದೂ ಫಿಲ್ಮಿನ ಒಂದು ಚೌಕಟ್ಟು. ಕಂಬ ಸಾಲುಗಳಲ್ಲಿ ಯಾವ ಪದರದ ಎಷ್ಟನೆಯ ಚಿತ್ರ ಇಡಬೇಕೆಂಬ ಅಂಕಿ. ಎಕ್ಸ್‌ಪೋಶರ್ ಶೀಟ್ ಎಂದು ಅದರ ಹೆಸರು.

ಮಾತು ಬಂದ ಸಿನಿಮಾಕ್ಕೆ ಸೆಕೆಂಡಿಗೆ 24 ಚೌಕಟ್ಟು ಎಂದು ನಿಂತದ್ದು ಈ ಕೆಲಸದವರಿಗೆ ಅನುಕೂಲವೇ ಆಯಿತು. 24ನ್ನು 2, 3, 4, 6, 8, 12 ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗಿಸಬಹುದು. ಒಂದು ಚಿತ್ರವನ್ನು ಎರಡು ಚೌಕಟ್ಟು ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಬರೆದರೆ ಸಾಕು, ಮೂರು ಚೌಕಟ್ಟು ನಿಲ್ಲಿಸಿದರೆ 8. ಓಡುವುದಕ್ಕೆ ಒಂದು ವೇಗ, ನಡೆಯುವುದಕ್ಕೆ ಒಂದು ವೇಗ, ಕೊನೆಗೆ ಎಲ್ಲವೂ ಸೆಕೆಂಡಿನ ಅಂಚಿಗೆ ಬಂದು ಕೂಡುತ್ತವೆ. ನಮ್ಮ ಹಿರಿಯರು 12 ಅಂಗುಲಕ್ಕೆ ಅಡಿ, 16 ಆಣೆಗೆ ರೂಪಾಯಿ ಎಂದು ಇಟ್ಟುಕೊಂಡದ್ದರ ಲಾಭವೂ ಇಂಥದೇ. ಅರ್ಧ, ಕಾಲು ಸುಲಭವಾಗಿ ಒಡೆಯುತ್ತಿದ್ದವು.

ಮಾಡುವವರಿಗೆ ಕೆಲವು ಸೂಚನೆಗಳು

ಮನೆಯ ಮಕ್ಕಳು ಇಂಥ ಚಿತ್ರ ಮಾಡುವಾಗ ನಮ್ಮ ಅನುಭವದ ಈ ಮಾತುಗಳನ್ನು ತೋರಿಸಿರಿ. ನಾವು ಬಳಸಿದ್ದು ಜಿಂಪ್ ಎಂಬ ತಂತ್ರಾಂಶ. ಅದು ಪುಕ್ಕಟೆ ಸಿಗುತ್ತದೆ.

ಮೊದಲನೆಯದು, ಎಲ್ಲಿಂದಲೋ ಬಂದ ಜಿಫ್ ತೆಗೆದುಕೊಂಡು ಕೂಡಿಸುವುದಿದ್ದರೆ, ಮೊದಲು ಅದರ ಪ್ರತಿ ಹಾಳೆಯನ್ನೂ ಪೂರ್ಣ ಮಾಡಿಕೊಳ್ಳಬೇಕು. ಜಾಗ ಉಳಿಸಲೆಂದು ಜಿಫ್‌ನಲ್ಲಿ ಎರಡನೆಯ ಹಾಳೆಯಿಂದ ಮುಂದೆ ಬದಲಾದ ಭಾಗ ಮಾತ್ರ ಇಟ್ಟಿರುತ್ತಾರೆ. ಹಾಗೆಯೇ ಇನ್ನೊಂದರ ಜೊತೆ ಬೆರೆಸಿದರೆ ದೀಪದ ಅರ್ಧ ಕುಡಿ ಮಾತ್ರ ಬಂದೀತು. ಜಿಂಪ್‌ನಲ್ಲಿ ಅನಿಮೇಶನ್ ವಿಭಾಗದಲ್ಲಿ ಅನ್‌ಆಪ್ಟಿಮೈಜ್ ಎಂಬ ಆಜ್ಞೆ ಇದೆ, ಅದು ಎಲ್ಲ ಹಾಳೆಗಳನ್ನೂ ಪೂರ್ಣ ಮಾಡುತ್ತದೆ. ಕೂಡಿಸುವ ಕೆಲಸ ಮುಗಿದ ಮೇಲೆ ಆಪ್ಟಿಮೈಜ್ ಎಂದರೆ ಮತ್ತೆ ಬದಲಾದ ಭಾಗ ಮಾತ್ರ ಉಳಿಯುತ್ತದೆ. ಇದರಿಂದಲೇ 64 ಹಾಳೆ ಎಂದರೆ 64 ಪೂರ್ಣ ಚಿತ್ರಗಳ ಭಾರ ಆಗುವುದಿಲ್ಲ. ಕುಡಿಯೊಂದೇ ಬದಲಾದ ಹಾಳೆಯಲ್ಲಿ ಕುಡಿಯಷ್ಟೇ ಜಾಗ ಶೇಖರವಾಗುತ್ತದೆ.

ಎರಡನೆಯದು, ಜಿಂಪ್‌ನಲ್ಲಿ ಒಂದೊಂದು ಲೇಯರ್ ಒಂದೊಂದು ಹಾಳೆ. ಎಲ್ಲಕ್ಕೂ ಕೆಳಗಿನದು ಮೊದಲ ಹಾಳೆ. ಅದರ ಹೆಸರಿನಲ್ಲೇ ಕಂಸ ಹಾಕಿ ಅವಧಿ ಬರೆಯಬೇಕು. ಅಲ್ಲಿ ಲೆಕ್ಕ ಮಿಲಿಸೆಕೆಂಡಿನಲ್ಲಿ ಇರುತ್ತದೆ, ನಮ್ಮ 10 ಪೈಸೆ ಎಂದರೆ 100 ಮಿಲಿಸೆಕೆಂಡ್. ಕೊನೆಗೆ ಉಳಿಸುವಾಗ 'ಎಲ್ಲ ಹಾಳೆಗೂ ಇದೇ ಅವಧಿ' ಎಂಬ ಆ ಚೌಕದಲ್ಲಿ ಗುರುತು ಇರಕೂಡದು. ನಮ್ಮ ಮೊದಲ ವರ್ಷದ ತೊಂದರೆಗೆಲ್ಲ ಮೂಲ ಅದೇ.

ಮೂರನೆಯದು, 0 ಮತ್ತು 1 ಪೈಸೆಯ ಹಾಳೆ ಇಡಬಾರದು. ಸಾಮಾನ್ಯವಾಗಿ ಎಲ್ಲ ಬ್ರೌಸರ್‌ಗಳೂ ಅಂಥ ಹಾಳೆಯನ್ನು 10 ಪೈಸೆ ಎಂದೇ ಹಿಡಿಯುತ್ತವೆ. ಬಹಳ ಬೇಗ ಓಡಲೆಂದು ಇಟ್ಟದ್ದು ಹತ್ತು ಪಟ್ಟು ನಿಧಾನವಾಗಿ, ಬೇರೆ ವಸ್ತುಗಳ ಲೆಕ್ಕವನ್ನೂ ಕೆಡಿಸುತ್ತದೆ. ಇನ್ನೊಂದು ತುದಿಯಲ್ಲಿ, ಒಂದು ಹಾಳೆಯನ್ನು 65,535 ಪೈಸೆ, ಅಂದರೆ ಸುಮಾರು ಹನ್ನೊಂದು ನಿಮಿಷದವರೆಗೂ ನಿಲ್ಲಿಸಬಹುದು. ನಿಲ್ಲಿಸುವುದಕ್ಕೆ ಜಿಫ್‌ನಲ್ಲಿ ಬೇಕಾದಷ್ಟು ಅವಕಾಶವಿದೆ; ನಾವೇ ಓಡಿಸುತ್ತೇವೆ.

ನಾಲ್ಕನೆಯದು ಬಣ್ಣ. ಒಂದು ಹಾಳೆಗೆ ಹೆಚ್ಚೆಂದರೆ 256 ಬಣ್ಣ. ದೀಪಕ್ಕೆ ಬೇರೆ, ಬುಟ್ಟಿಗೆ ಬೇರೆ ಬಣ್ಣಗಳ ಪಟ್ಟಿ ಇದ್ದು, ಕೂಡಿಸಿದಾಗ ಒಂದೇ ಪಟ್ಟಿಗೆ ಇಳಿಸಿದರೆ ಬಣ್ಣ ಮಾಸಿದಂತಾಗುತ್ತದೆ. ಮೊದಲಿನಿಂದಲೇ ಕಡಿಮೆ ಬಣ್ಣಗಳಲ್ಲಿ ಮಾಡಿದರೆ ಒಳ್ಳೆಯದು.

ಐದನೆಯದು ಆರೋಗ್ಯದ ವಿಷಯ, ಇದನ್ನು ಯಾರೂ ಹಗುರಾಗಿ ತೆಗೆದುಕೊಳ್ಳಬಾರದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಎಂಬ ಮಕ್ಕಳ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಪರದೆಯ ತುಂಬ ಮಿನುಗಿತು. ಆರು ನೂರಕ್ಕೂ ಹೆಚ್ಚು ಮಂದಿಯನ್ನು, ಅದರಲ್ಲಿ ಬಹುತೇಕ ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಬೇಕಾಯಿತು. ಕೆಲವರಿಗೆ ಫಿಟ್ಸ್ ಬಂದಿತ್ತು. ಇಂಟರ್‌ನೆಟ್ ಪುಟಗಳಿಗಾಗಿ 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಸೂಚನೆಗಳಲ್ಲಿ, ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೆಳಕು ಮಿಂಚಬಾರದೆಂದು ಹೇಳಿದೆ. ಚಿಕ್ಕ ದೀಪದ ಕುಡಿ ಅಲುಗಿದರೆ ಬಾಧಕವಿಲ್ಲ. ಇಡೀ ಚಿತ್ರದ ಹಿನ್ನೆಲೆಯೇ ಕೆಂಪು, ಬಿಳಿ ಎಂದು ಪಟಪಟನೆ ಬದಲಾಗುವುದು ಅಪಾಯ. ಅಂಥ ಚಿತ್ರಗಳನ್ನು ಮಾಡಬಾರದು, ಬಂದರೆ ಮುಂದಕ್ಕೆ ಕಳಿಸಬಾರದು.

ಓದಬೇಕಾದದ್ದು ನಿಲ್ಲಬೇಕು

ಲೆಕ್ಕವೆಲ್ಲ ಸರಿಹೋಯಿತೆಂದು ಇಬ್ಬರಿಗೂ ಸಮಾಧಾನವಾಯಿತು. ಆದರೆ ಹೋದ ವರ್ಷದ ಪಾಠ ನೆನಪಿತ್ತು. ಈ ಸಲ ನಾನು ನೋಡುವ ಬದಲು ಮನೆಯವರ ಕೈಗೆ ಮೊಬೈಲ್ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದೆ. ಅವರಿಗೆ ಮೋತಿಬಿಂದು ತೆಗೆಸಿ ಎರಡು ವರ್ಷವಾಗಿದೆ. ಶುಭಾಶಯ ಓದಿದರು, ಅಂಗಡಿಯ ಹೆಸರು ಓದಿದರು, ವಿಳಾಸದ ಅರ್ಧಕ್ಕೆ ಬರುವಷ್ಟರಲ್ಲಿ ಮರಾಠಿ ಬಂದುಬಿಟ್ಟಿತು. "ಏನ್ರಿ, ನನ್ನ ಕೂಡ ಓಟದ ಪಂದ್ಯಾ ಹಚ್ಚೀರೇನು?" ಎಂದು ಮೊಬೈಲ್ ಮರಳಿ ಕೊಟ್ಟರು. ಎರಡು ರೂಪಾಯಿ ನಲವತ್ತು ಪೈಸೆ ಬಹಳವೆಂದು ನಾವು ತಿಳಿದಿದ್ದೆವು. ಓದುವವರಿಗೆ ಅದು ಸಾಲಲಿಲ್ಲ.

ಅಕ್ಷರದ ಸರದಿಯನ್ನು 480 ಪೈಸೆ ಮಾಡೋಣ, ಕಟ್ಟು ಎರಡರಷ್ಟಾಗಿ 128 ಹಾಳೆ ಆಗುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ನಮ್ಮ ಮಗ ಗಲ್ಲಾದ ಕಡೆಯಿಂದ, "ಅಪ್ಪಾ, ವಿಳಾಸ ಯಾಕ ಬದಲಾಗಬೇಕು? ಅದನ್ನ ಕೆಳಗ ನಿಲ್ಲಸಿಬಿಡ್ರಿ" ಎಂದ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ವೇಗಗಳ ಲೆಕ್ಕದಲ್ಲಿ ಮುಳುಗಿ, ಒಂದು ವಸ್ತು ಚಲಿಸದೆಯೂ ಇರಬಹುದೆಂಬುದೇ ನಮಗೆ ಹೊಳೆದಿರಲಿಲ್ಲ. ನಿಂತ ಅಕ್ಷರ ಯಾವ ಲ.ಸಾ.ಅ.ವನ್ನೂ ಹೆಚ್ಚಿಸುವುದಿಲ್ಲ, ಒಂದು ಹಾಳೆಯನ್ನೂ ಕೇಳುವುದಿಲ್ಲ. ಮೊದಲ ಹಾಳೆಯಲ್ಲಿ ಒಮ್ಮೆ ಬರೆದರೆ ಕೊನೆಯವರೆಗೂ ಹಾಗೆಯೇ ಇರುತ್ತದೆ.

ಹೀಗಾಗಿ ಈಗ ಕೆಳಗಡೆ ವಿಳಾಸ ಮತ್ತು ಫೋನ್ ನಂಬರ್ ಎರಡೂ ಲಿಪಿಗಳಲ್ಲಿ ನಿಂತಿವೆ. ಶುಭಾಶಯದ ಒಂದೊಂದು ಸಾಲು ಮಾತ್ರ ಕನ್ನಡ, ಮರಾಠಿ ಎಂದು 240 ಪೈಸೆಗೊಮ್ಮೆ ಸರದಿ ಬದಲಿಸುತ್ತದೆ. ಅದು ಯಾರಿಗಾದರೂ ತಪ್ಪಿದರೂ ನಷ್ಟವಿಲ್ಲ, ಮತ್ತೆ ಬರುತ್ತದೆ. ಬುಟ್ಟಿ ತನ್ನ ಪಾಡಿಗೆ ತೂಗುತ್ತದೆ, ದೀಪ ತನ್ನ ಪಾಡಿಗೆ ಉರಿಯುತ್ತದೆ. ಎಲ್ಲ 64 ಹಾಳೆಗಳಲ್ಲೇ ಮುಗಿಯಿತು.

ಚಿತ್ರ ಕಳಿಸುವ ಮೊದಲು ಆ ರೈತರಿಗೆ ಫೋನ್ ಮಾಡಿ, ಊರಿಗೆ ಬಂದಾಗ ಒಮ್ಮೆ ಅಂಗಡಿಗೆ ಬಂದು ಹೋಗಬೇಕೆಂದು ಕೇಳಿಕೊಂಡೆ. ಸಂತೆಯ ದಿನ ಬಂದರು. ಚಹಾ ಕೊಟ್ಟು ಮೊಬೈಲ್ ಅವರ ಮುಂದೆ ಹಿಡಿದೆ. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ, ವಿಳಾಸವನ್ನು ಪೂರ್ತಿಯಾಗಿ ಓದಿದರು. ಆಮೇಲೆ ದೀಪ ನೋಡುತ್ತ ಸ್ವಲ್ಪ ಹೊತ್ತು ಕೂತರು. "ಈಗ ಹತ್ತೀತು ನೋಡ್ರಿ ಕಣ್ಣಿಗೆ" ಎಂದರು. ಹೋಗುವಾಗ ಮೊಮ್ಮಗನ ಅಂಗಿಗೆಂದು ಎರಡು ಮೀಟರ್ ಬಟ್ಟೆ ಹರಿಸಿಕೊಂಡರು. ಮೊಮ್ಮಗಳು ಬಟ್ಟೆ ಅಳೆದು ಕೊಟ್ಟಳು.

ತಾವೂ ಹಬ್ಬಕ್ಕೆ ಚಿತ್ರ ಕಳಿಸುವುದಾದರೆ, ಮಾಡಿದವರೂ ಮಾಡಿಸಿದವರೂ ಪರೀಕ್ಷೆ ಮಾಡದೆ, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಓದುವವರ ಕೈಗೆ ಕೊಟ್ಟು ಒಮ್ಮೆ ಗಟ್ಟಿಯಾಗಿ ಓದಿಸಿರಿ. ಅವರಿಗೆ ಓದಲು ಬಂದರೆ ಎಲ್ಲರಿಗೂ ಬಂದಂತೆ. ಮುಂದಿನ ತಿಂಗಳು ಮತ್ತೆ ನಮ್ಮ ಉದ್ರಿ ವಸೂಲಿಯ ವಿಷಯಕ್ಕೆ ಮರಳೋಣ.